ಹೊರುವ ಹದ

ಅಮೆರಿಕದಲ್ಲಿರುವ ನನ್ನ ಅಣ್ಣನ ಮಗ ಕಳೆದ ಮಾರ್ಚಿಯಲ್ಲಿ ಒಂದು ಭಾನುವಾರ ಫೋನು ಮಾಡಿದ. ಕ್ಷೇಮಸಮಾಚಾರವೆಲ್ಲ ಮುಗಿದ ಮೇಲೆ, “ಕಾಕಾ, ಸಣ್ಣವರಿದ್ದಾಗ ನೀವು ಬ್ಯಾಟಿಗೆ ಹೋಗ್ತಿದ್ರಂತಲ್ಲ, ಒಂದು ಮಾತು ಕೇಳಬೇಕಾಗೇತಿ” ಎಂದ. ನನಗೆ ಆಶ್ಚರ್ಯವಾಯಿತು. ಹಾದಿಯಲ್ಲಿ ಇರುವೆಯ ಸಾಲು ಕಂಡರೆ ಸುತ್ತುಹಾಕಿಕೊಂಡು ಹೋಗುವ ಹುಡುಗ ಅವನು. ವಿಚಾರಿಸಿದಾಗ ತಿಳಿಯಿತು: ಅವನ ಕಚೇರಿಯ ಗೆಳೆಯನೊಬ್ಬ ಏಪ್ರಿಲಿನಲ್ಲಿ ಟರ್ಕಿ ಕೋಳಿಯ ಬೇಟೆಗೆ ಹೋಗುವವನಿದ್ದಾನೆ, ಇವನನ್ನೂ ಜೊತೆಗೆ ಕರೆದಿದ್ದಾನೆ. ಇವನು ಬಂದೂಕು ಮುಟ್ಟುವುದಿಲ್ಲ, ಸುಮ್ಮನೆ ನೋಡಲು ಹೋಗುತ್ತಾನೆ. ಆದರೆ ತನ್ನ ಸಾಮಾನನ್ನು ತಾನೇ ಹೊರಬೇಕು. ಅದನ್ನು ಹೇಗೆ ಹೊರುವುದು ಎಂಬುದೇ ಪ್ರಶ್ನೆ.

ಅಲ್ಲಿಯ ಅಂಗಡಿಗಳಲ್ಲಿ ಇದಕ್ಕೆಂದೇ ತೋಳಿಲ್ಲದ ಅಂಗಿಗಳಿವೆಯಂತೆ. ಒಂದೊಂದಕ್ಕೆ ಹತ್ತಿಪ್ಪತ್ತು ಜೇಬು. ಹಿಂದೆ ಒಂದು ಮೆತ್ತೆ ಜೋತುಬಿದ್ದಿರುತ್ತದೆ, ನೆಲದ ಮೇಲೆ ಕೂಡ್ರಲಿಕ್ಕೆ. ಅದು ಬೇಡವೆಂದರೆ ಬೆನ್ನಚೀಲವುಂಟು, ಅದೂ ಬೇಡವೆಂದರೆ ಸೊಂಟಕ್ಕೆ ಬಿಗಿಯುವ ಪಟ್ಟಿಯುಂಟು. “ಎಂಟು ದಿನ ಆತು ಕಾಕಾ, ಯಾವುದು ತಗೊಳ್ಳಬೇಕು ಅನ್ನೋದ ಬಗಿಹರಿವಲ್ದು” ಎಂದು ಅವನು ನಿಟ್ಟುಸಿರುಬಿಟ್ಟ.

ನೀವು ನಗಬಹುದು; ನಾನೂ ಮೊದಲು ನಕ್ಕೆ. ಆದರೆ ಆ ಬೇಟೆಯ ರೀತಿಯನ್ನು ಅವನು ವಿವರಿಸುತ್ತ ಹೋದಂತೆ ನನ್ನ ನಗೆ ತಾನಾಗಿ ಅಡಗಿತು. ಅಲ್ಲಿ ವಸಂತಕಾಲದಲ್ಲಿ ಗಂಡು ಟರ್ಕಿ ಹೆಣ್ಣನ್ನು ಕರೆಯುತ್ತ ಕೂಗುತ್ತದೆ. ಬೇಟೆಗಾರ ನಸುಕಿನಲ್ಲೇ ಹೋಗಿ ಮರಕ್ಕೆ ಬೆನ್ನು ಹಚ್ಚಿ ಕೂತು, ಮರದ ಸಣ್ಣ ಪೆಟ್ಟಿಗೆಯೊಂದನ್ನು ಉಜ್ಜಿ ಹೆಣ್ಣಿನ ದನಿ ಹೊರಡಿಸುತ್ತಾನೆ. ಆ ಹಕ್ಕಿಗೆ ಮೂಗು ಚುರುಕಲ್ಲ, ಕಣ್ಣು ಮಾತ್ರ ಬಹಳ ಚುರುಕು. ಬೆರಳು ಅಲುಗಿದರೂ ಸಾಕು, ಬಂದ ದಾರಿ ಹಿಡಿದು ಮಾಯವಾಗುತ್ತದೆ. ಆದುದರಿಂದ ಆ ಪೆಟ್ಟಿಗೆ ಯಾವ ಜೇಬಿನಲ್ಲಿದೆ, ಅದನ್ನು ತೆಗೆಯುವಾಗ ಏನು ಸಪ್ಪಳವಾಗುತ್ತದೆ ಎಂಬುದು ಸಣ್ಣ ಮಾತಲ್ಲ. ಬೇಟೆಯೆಲ್ಲ ಅದರ ಮೇಲೇ ನಿಂತಿದೆ. ಅಷ್ಟೇ ಅಲ್ಲ, ಹೊಡೆದ ಹಕ್ಕಿಯನ್ನು ಹೊತ್ತು ತರುವಾಗ ಅದಕ್ಕೆ ಕಿತ್ತಳೆ ಬಣ್ಣದ ಬಟ್ಟೆ ಸುತ್ತಬೇಕಂತೆ. ಇಲ್ಲವಾದರೆ ಕಂಟಿಯ ಆಚೆಗಿರುವ ಇನ್ನೊಬ್ಬ ಬೇಟೆಗಾರ ಜೀವಂತ ಹಕ್ಕಿಯೇ ಬಂತೆಂದು ತಿಳಿದು ಗುಂಡು ಹಾರಿಸಿಬಿಟ್ಟಾನು. ಹೊರುವುದರಲ್ಲಿ ತಪ್ಪಿದರೆ ಜೀವಕ್ಕೆ ಎರವಾದೀತು ಎಂಬುದು ಎರಡೂ ದೇಶಗಳಿಗೆ ಒಂದೇ ಎಂದುಕೊಂಡೆ. ನನಗೆ ನನ್ನ ಸೋದರಮಾವನ ನೆನಪು ಬಂದಿತ್ತು.

ಹೊರುವ ವಿದ್ಯೆಯಲ್ಲಿ ನಮ್ಮ ಸೀಮೆಯವರು ಯಾರಿಗೂ ಕಡಿಮೆಯಲ್ಲ. ನಮ್ಮಜ್ಜಿಯ ಸೊಂಟದಲ್ಲಿ ಒಂದು ಚಂಚಿ ಇರುತ್ತಿತ್ತು. ಒಂದರ ಬೆನ್ನಿಗೊಂದು ಅರೆಗಳುಳ್ಳ ಬಟ್ಟೆಯ ಚೀಲ. ಎಲೆ ಒಂದರಲ್ಲಿ, ಅಡಕೆ ಒಂದರಲ್ಲಿ, ಸುಣ್ಣದ ಡಬ್ಬಿ ಒಂದರಲ್ಲಿ, ಎಲ್ಲಕ್ಕೂ ಒಳಗಿನದರಲ್ಲಿ ದುಡ್ಡು. ಕತ್ತಲಲ್ಲಿ ಕೂಡ ಅವಳ ಬೆರಳು ತಪ್ಪುತ್ತಿರಲಿಲ್ಲ. ಅಮೆರಿಕದ ಇಪ್ಪತ್ತು ಜೇಬಿನ ಅಂಗಿ ಅದರ ಮೊಮ್ಮಗನಿರಬೇಕು. ಹತ್ತಿ ಬಿಡಿಸುವ ಹೆಂಗಸರಿಗೆ ಉಡಿ, ನೀರು ತರುವವರಿಗೆ ಸಿಂಬೆ, ಜಂಗಮರಿಗೆ ಜೋಳಿಗೆ, ಕುರುಬರಿಗೆ ಕಂಬಳಿ. ರಬಕವಿ-ಬನಹಟ್ಟಿಯ ನಮ್ಮ ನೇಕಾರರು ಸೀರೆಯ ಗಂಟನ್ನು ಹೆಗಲಿಗೇರಿಸಿ ಜಮಖಂಡಿಯ ಸಂತೆಗೆ ಹೋಗುವುದನ್ನು ನೀವು ನೋಡಬೇಕಾಗಿತ್ತು. ಗಂಟು ಅಲ್ಲಾಡುತ್ತಿರಲಿಲ್ಲ, ಮಡಿಕೆ ಕೆಡುತ್ತಿರಲಿಲ್ಲ. ಒಂದೊಂದು ಕಸುಬಿನವನೂ ತನ್ನ ಮೈಯ ಒಂದೊಂದು ಭಾಗವನ್ನು ಹೊರೆಗೆ ಒಪ್ಪಿಸಿಕೊಟ್ಟಿದ್ದಾನೆ.

ನನ್ನ ಮಾವ ಒಪ್ಪಿಸಿದ್ದು ಎಡಹೆಗಲನ್ನು. ನಮ್ಮ ತಾಯಿಯ ತವರಿನವರು ಒಂದು ಕಾಲಕ್ಕೆ ನಮ್ಮಂತೆಯೇ ಮಗ್ಗದವರು. ಅಜ್ಜನ ಕಾಲಕ್ಕೆ ಮಗ್ಗ ಬಿಟ್ಟು ಮಣ್ಣು ಹಿಡಿದರು. ಮುಧೋಳಕ್ಕೂ ಬೀಳಗಿಗೂ ನಡುವಣ ಒಂದು ಹಳ್ಳಿಯಲ್ಲಿ ಅವರ ಹೊಲ. ಬೇಸಿಗೆ ರಜೆ ಬಂತೆಂದರೆ ನಾನು ಅಲ್ಲಿಯೇ. ನಾನು ಹೇಳುವುದು 1963ರ ಮಾತು. ಆಗ ನನಗೆ ಹನ್ನೊಂದು ವರ್ಷ. ಈ ಸೀಮೆಯೆಲ್ಲ ಆಗ ವಿಜಾಪುರ ಜಿಲ್ಲೆಯಲ್ಲಿತ್ತು. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ.

ಆ ನೆಲದಲ್ಲಿ ಬೇಟೆ ಹೊಸದಲ್ಲ. ಮುಧೋಳದ ಘೋರ್ಪಡೆ ಅರಸರು ಸಾಕಿ ಬೆಳೆಸಿದ ನಾಯಿಯ ತಳಿ ಲೋಕಕ್ಕೇ ಗೊತ್ತು. 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೂ ಅದರ ಚಿತ್ರ ಬಂತು. ಹತ್ತಿರದಲ್ಲೇ ಹಲಗಲಿ. ಕೈಯಲ್ಲಿಯ ಹತಾರಗಳನ್ನು ಒಪ್ಪಿಸಿರೆಂದು 1857ರಲ್ಲಿ ಇಂಗ್ಲಿಷರು ಕಾಯಿದೆ ಮಾಡಿದಾಗ, ಕೊಡುವುದಿಲ್ಲವೆಂದು ನಿಂತು, ಹೋರಾಡಿ, ಗಲ್ಲಿಗೇರಿದ ಬೇಡರ ಊರು ಅದು. ಹೆಗಲ ಮೇಲಿನ ಸಾಮಾನು ಬರಿಯ ಸಾಮಾನಲ್ಲ, ಹೊತ್ತವನ ಮಾನವೂ ಹೌದು ಎಂಬುದನ್ನು ಆ ಊರ ದಾರಿಯಲ್ಲಿ ಹೋಗುವಾಗ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಾವನ ಬಳಿ ಬಂದೂಕು ಇರಲಿಲ್ಲ. ಮೊಲಕ್ಕೆ ನಾಯಿ, ಕೌಜಗಕ್ಕೆ ಉರುಲು. ಕೌಜಗವೆಂದರೆ ಕೋಳಿಯ ಕುಲದ, ಬೂದುಬಣ್ಣದ, ಕಂಟಿಗಳ ನಡುವೆ ಓಡಾಡುವ ಹಕ್ಕಿ. ಹಿಂದಿಯವರು ಇದಕ್ಕೆ ತೀತರ್ ಎನ್ನುತ್ತಾರೆ, ಸಂಸ್ಕೃತದಲ್ಲಿ ತಿತ್ತಿರಿ. ಯಾಜ್ಞವಲ್ಕ್ಯರು ಕಾರಿಬಿಟ್ಟ ವೇದವನ್ನು ಉಳಿದ ಶಿಷ್ಯರು ತಿತ್ತಿರಿ ಹಕ್ಕಿಗಳಾಗಿ ಹೆಕ್ಕಿಕೊಂಡರೆಂದೂ, ಅದರಿಂದಲೇ ತೈತ್ತಿರೀಯವೆಂಬ ಹೆಸರು ಬಂತೆಂದೂ ಪುರಾಣ ಹೇಳುತ್ತದೆ. ಹಾಗಾದರೆ ಹೊರುವ ವಿದ್ಯೆಯಲ್ಲಿ ಈ ಹಕ್ಕಿಯೇ ನಮಗೆಲ್ಲ ಗುರು: ಚೀಲವಿಲ್ಲ, ಹಗ್ಗವಿಲ್ಲ, ವೇದವನ್ನೇ ಹೊಟ್ಟೆಯಲ್ಲಿ ಹೊತ್ತುಕೊಂಡು ಹೋಯಿತು.

ಇದರ ಬೇಟೆಯ ಕ್ರಮ ಹೀಗೆ. ಸಾಕಿದ ಗಂಡು ಕೌಜಗವೊಂದನ್ನು ಪಂಜರದಲ್ಲಿಟ್ಟು ಒಯ್ಯಬೇಕು. ಇದಕ್ಕೆ ದೀವದ ಹಕ್ಕಿ ಎಂದು ಹೆಸರು. ನಸುಕಿನಲ್ಲಿ ಕಂಟಿಗಳ ನಡುವೆ ಪಂಜರವಿಟ್ಟು, ಸುತ್ತಲೂ ಸಣ್ಣ ಗೂಟಗಳನ್ನು ನೆಟ್ಟು, ಅವಕ್ಕೆ ಕುದುರೆಯ ಬಾಲದ ಕೂದಲಿನ ಉರುಲುಗಳನ್ನು ಕಟ್ಟಬೇಕು. ಬೆಳಕು ಹರಿಯುತ್ತಲೇ ದೀವದ ಹಕ್ಕಿ ಕೂಗುತ್ತದೆ. ಆ ಜಾಗದ ಗಂಡು ಹಕ್ಕಿಗೆ ತನ್ನ ಸೀಮೆಯಲ್ಲಿ ಇನ್ನೊಬ್ಬನ ದನಿ ಸೈರಿಸದು. ಕಾದಾಡಲು ಓಡಿಬರುತ್ತದೆ, ಬಂದು ಉರುಲಿಗೆ ಕಾಲು ಕೊಡುತ್ತದೆ.

ಇಷ್ಟಕ್ಕೆ ಬೇಕಾದ ಸಾಮಾನು ಹೆಚ್ಚೇನಿಲ್ಲ. ಆದರೆ ಒಂದೊಂದರ ಗುಣವೂ ಬೇರೆ. ಉರುಲುಗಳು ಒಂದಕ್ಕೊಂದು ತೊಡರಬಾರದು. ಗೂಟಗಳು ಗಲಗಲ ಎನ್ನಬಾರದು. ತತ್ರಾಣಿ ಮಣ್ಣಿನದು, ಕಲ್ಲಿಗೆ ತಾಗಬಾರದು. ಪಂಜರ ತೂಗಾಡಬಾರದು, ಹಕ್ಕಿ ಬೆದರಿದರೆ ಆ ದಿನ ಬಾಯೇ ಬಿಡದು. ಮಾವ ಇದಕ್ಕೆಲ್ಲ ಒಂದು ಹಸಿಬೆ ಇಟ್ಟಿದ್ದ. ಎರಡು ತುದಿಗೂ ಚೀಲವಿದ್ದು ನಡುಭಾಗ ಹೆಗಲ ಮೇಲೆ ಕೂಡ್ರುವ ಜೋಡುಚೀಲ ಅದು. ನಮ್ಮ ಬನಹಟ್ಟಿಯ ಮಗ್ಗದಲ್ಲಿ ನೇಯ್ದ ದಪ್ಪ ಬಟ್ಟೆಯದು. ಹಿಂದಿನ ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ತತ್ರಾಣಿ. ಮುಂದಿನ ಚೀಲದಲ್ಲಿ ಬಟ್ಟೆಯ ಪದರಿನ ನಡುವೆ ಒಂದೊಂದಾಗಿ ಹಾಸಿದ ಉರುಲು, ಹುಲ್ಲು ಸುತ್ತಿದ ಗೂಟ. ಬಲಗೈಯಲ್ಲಿ, ಎದೆಯ ಮುಂದೆ, ಪಂಜರ. ಅದರ ಮೇಲೆ ತೆಳ್ಳನೆಯದೊಂದು ಪಂಚೆಯ ತುಂಡು. ಅದನ್ನು ಹಾಕಿದ್ದು ಜಾರುಗಂಟು, ತುದಿ ಜಗ್ಗಿದರೆ ಕಳಚಿಬರುವಂಥದು.

“ಯಾಕ ಮಾಮಾ, ಪಂಜರಾನೂ ಬೆನ್ನಿಗೆ ಕಟ್ಟಬಾರದೇನು? ಕೈ ನೋಯೂದಿಲ್ಲಾ?” ಎಂದು ನಾನು ಮೊದಲ ದಿನವೇ ಕೇಳಿದ್ದೆ.

“ನೋಯ್ತೈತಿ. ಆದರ ಅಳಿಯಾ, ಉಸಿರಿದ್ದದ್ದು ಮುಂದ, ಉಸಿರಿಲ್ಲದ್ದು ಹಿಂದ. ಇಷ್ಟ ನೆನಪಿಡು, ಉಳಿದದ್ದೆಲ್ಲಾ ತಾನ ಬರ್ತೈತಿ” ಎಂದ ಮಾವ.

ನಾನು ತಲೆಯಾಡಿಸಿದೆ. ಹನ್ನೊಂದು ವರ್ಷದವರು ಹಿರಿಯರ ಮಾತಿಗೆ ತಲೆಯಾಡಿಸುವ ರೀತಿ ನಿಮಗೆ ಗೊತ್ತೇ ಇದೆ.

ಆ ರಜೆಯಲ್ಲಿ ಮೂರು ಸಲ ಹೋದೆವು. ಮೊದಲೆರಡು ಸಲ ನಾನು ಬರಿಗೈಯವನು. ಮೂರನೆಯ ಸಲ, ಮೇ ತಿಂಗಳ ಒಂದು ದಿನ, ಎರಡು ಹಕ್ಕಿ ಸಿಕ್ಕಿದ್ದವು. ಇನ್ನೊಂದಕ್ಕೆ ಕಾಯುತ್ತ ಹೊತ್ತು ಏರಿಬಿಟ್ಟಿತು. ಹೊರಡುವಾಗ ಮಾವನ ಅಂಗಾಲಿಗೆ ಜಾಲಿಯ ಮುಳ್ಳು ನಟ್ಟು ಒಳಗೇ ಮುರಿಯಿತು. ಒಂದು ಕೈಗೆ ಕೋಲು ಬೇಕಾಯಿತು. ಇನ್ನೊಂದರಲ್ಲಿ ಸಿಕ್ಕ ಹಕ್ಕಿಗಳು. ಹಸಿಬೆಯಂತೂ ಹೆಗಲ ಮೇಲೆಯೇ ಇತ್ತು. ಪಂಜರ ನನ್ನ ಕೈಗೆ ಬಂತು.

ಅರ್ಧ ಹರದಾರಿ ನಡೆಯುವುದರೊಳಗೆ ನನ್ನ ಬೆರಳು ಮರಗಟ್ಟಿದವು. ಕೈ ಬದಲಿಸಿದೆ, ಅದೂ ನೊಂದಿತು. ಮಾವ ಕುಂಟುತ್ತ ಹಿಂದುಳಿದಿದ್ದ. ಆಗ ನನಗೆ ಸಂತೆಗೆ ಹೋಗುವ ನೇಕಾರರ ಗಂಟು ನೆನಪಾಯಿತು. ಬಿಸಿಲಿಗೆಂದು ನನ್ನ ತಲೆಗೆ ಅತ್ತೆ ಒಂದು ದಪ್ಪ ಹೊದಿಕೆ ಸುತ್ತಿ ಕಳಿಸಿದ್ದಳು. ಅದನ್ನು ಬಿಚ್ಚಿ, ಪಂಜರದ ಸುತ್ತ ಬಿಗಿಯಾಗಿ ಸುತ್ತಿ, ನಮ್ಮಪ್ಪ ಕಲಿಸಿದ ಗಂಟು ಹಾಕಿ ಬೆನ್ನಿಗೇರಿಸಿದೆ. ಹಾಸಿನ ಎಳೆ ಕಡಿದಾಗ ಹಾಕುವ ಗಂಟು ಅದು. ಹಣಿಗೆಯ ಸಂದಿನಲ್ಲಿ ಸಾವಿರ ಸಲ ಹಾದರೂ ಬಿಚ್ಚುವುದಿಲ್ಲ. ಬಿಚ್ಚದಿರುವುದೇ ಅದರ ಗುಣ, ಮಗ್ಗದ ಮೇಲೆ.

ಎರಡೂ ಕೈ ಖಾಲಿಯಾದ ಸುಖವನ್ನು ಏನು ಹೇಳಲಿ! ನಾನು ಸಿಳ್ಳುಹಾಕುತ್ತ, ಕಂಟಿಗಳಿಗೆ ಕಲ್ಲೊಗೆಯುತ್ತ ನಡೆದೆ. ಇಷ್ಟು ಸುಲಭದ ಉಪಾಯ ಮಾವನಿಗೆ ಇಷ್ಟು ವರ್ಷ ಹೊಳೆಯಲಿಲ್ಲವಲ್ಲ ಎಂದು ಒಳಗೊಳಗೇ ಹೆಮ್ಮೆಪಟ್ಟೆ. ಬೆನ್ನ ಮೇಲೆ ಮೊದಲು ಒಂದಿಷ್ಟು ಪಟಪಟ ಎನಿಸಿತು. ಆಮೇಲೆ ನಿಂತಿತು. ಹಕ್ಕಿ ಮಲಗಿರಬೇಕೆಂದುಕೊಂಡೆ.

ಊರ ಹೊರಗಿನ ಬನ್ನಿಯ ಮರದ ನೆರಳಿನಲ್ಲಿ ಮಾವ ನನ್ನನ್ನು ಕೂಡಿಕೊಂಡ. ನನ್ನ ಬೆನ್ನನ್ನು ನೋಡಿದ. ಏನೂ ಅನ್ನದೆ ಕೋಲು ಎಸೆದು, ಪಂಜರ ಇಳಿಸಿ, ಗಂಟಿಗೆ ಕೈಹಾಕಿದ. ಬಿಚ್ಚಲಿಲ್ಲ. ಉಗುರು ಹಚ್ಚಿದ, ಹಲ್ಲು ಹಚ್ಚಿದ, ಬಿಚ್ಚಲಿಲ್ಲ. ಕೊನೆಗೆ ಸೊಂಟದ ಕುಡುಗೋಲಿನಿಂದ ಬಟ್ಟೆಯನ್ನೇ ಕೊಯ್ದ. ಹಕ್ಕಿ ಪಂಜರದ ತಳದಲ್ಲಿ ಬಾಯಿ ತೆರೆದುಕೊಂಡು ಬಿದ್ದಿತ್ತು. ತತ್ರಾಣಿಯಲ್ಲಿ ಉಳಿದಿದ್ದ ನೀರನ್ನು ಮಾವ ಅದರ ಕೊಕ್ಕಿಗೆ ಹನಿಹನಿಯಾಗಿ ಬಿಟ್ಟ. ನೀರು ಪಕ್ಕಕ್ಕೆ ಹರಿದುಹೋಯಿತು.

ನಾಲ್ಕು ವರ್ಷದಿಂದ ಸಾಕಿದ ಹಕ್ಕಿ. ಅದರ ಕೂಗಿಗೆ ಮಾವನ ಮನೆಯಲ್ಲಿ ಬೆಳಗಾಗುತ್ತಿತ್ತು. ಅತ್ತೆ ಜೋಳ ಹಸನು ಮಾಡುವಾಗ ಪಂಜರದ ಮುಂದೆಯೇ ಕೂಡ್ರುತ್ತಿದ್ದಳು.

ಅವನು ಬಯ್ಯಲಿಲ್ಲ. ಹೊಡೆಯುತ್ತಾನೆಂದು ನಾನು ಹೆಗಲು ಕುಗ್ಗಿಸಿ ನಿಂತಿದ್ದೆ, ಹೊಡೆಯಲೂ ಇಲ್ಲ. ಅದರ ರೆಕ್ಕೆಗಳನ್ನು ಒತ್ತಿ ಕೂಡಿಸಿ, ಬನ್ನಿಯ ಬುಡದಲ್ಲಿ ಕುಡುಗೋಲಿನಿಂದಲೇ ಒಂದು ಕುಣಿ ತೋಡಿ ಮುಚ್ಚಿದ. ಸಿಕ್ಕಿದ್ದ ಎರಡು ಹಕ್ಕಿಗಳ ಕಾಲಿನ ದಾರ ಬಿಚ್ಚಿದ. ಅವು ಗಳಿಗೆ ಹೊತ್ತು ಬಿಡುಗಡೆಯಾದದ್ದು ತಿಳಿಯದೆ ನಿಂತಿದ್ದು, ಆಮೇಲೆ ಕವಳಿಕಂಟಿಯೊಳಗೆ ಓಡಿದವು. ಅನಂತರ ಮಾವ ಖಾಲಿ ಪಂಜರವನ್ನು ಎತ್ತಿಕೊಂಡ. ಕುಂಟುತ್ತಿದ್ದರೂ, ಮನೆ ಮುಟ್ಟುವವರೆಗೆ, ಅದು ತೂಗಾಡದಂತೆ ಎದೆಯ ಮುಂದೆಯೇ ಹಿಡಿದುಕೊಂಡು ನಡೆದ. ಮನೆಯಲ್ಲಿ ಅತ್ತೆ ಕೇಳಿದಾಗ, “ಬಿಸಲ ಭಾಳಿತ್ತು” ಎಂದಷ್ಟೇ ಅಂದ.

ಬಿಸಿಲು ಬಹಳವಿತ್ತು, ನಿಜ. ನಾನು ಬಾಯಿ ಬಿಡಲಿಲ್ಲ. ಮರುವರ್ಷ ಹೋದಾಗ ಪಂಜರದಲ್ಲಿ ಕೋಳಿಮರಿಗಳಿದ್ದವು. ಮಾವ ಮತ್ತೆ ದೀವದ ಹಕ್ಕಿ ಸಾಕಲಿಲ್ಲ. 1972ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾಯಿದೆ ಬಂತು. ಇಂದು ಕೌಜಗ ಹಿಡಿಯುವುದು ಅಪರಾಧ, ಆಗಬೇಕಾದದ್ದೇ. ಆದರೆ ನಮ್ಮ ಮಾವನ ಮನೆಯಲ್ಲಿ ಆ ಕಾಯಿದೆ ಒಂಬತ್ತು ವರ್ಷ ಮೊದಲೇ ಜಾರಿಯಾಗಿತ್ತು. ಜಾರಿಗೆ ಬಂದ ಕಾರಣ ನನಗೊಬ್ಬನಿಗೇ ಗೊತ್ತೆಂದು ನಾನು ಮೂವತ್ತು ವರ್ಷ ನಂಬಿಕೊಂಡಿದ್ದೆ.

ಮಾವ ತೀರಿದ್ದು 1991ರಲ್ಲಿ. ಅದಾದ ಎರಡು ವರ್ಷಕ್ಕೆ ಅತ್ತೆಯನ್ನು ಮಾತಾಡಿಸಲು ಹೋಗಿದ್ದೆ. ಊಟವಾಗಿ ಪಡಸಾಲೆಯಲ್ಲಿ ಕುಳಿತಿದ್ದಾಗ, ಗೂಟಕ್ಕೆ ತೂಗುಹಾಕಿದ್ದ ಹಸಿಬೆ ಕಣ್ಣಿಗೆ ಬಿತ್ತು. ಏನಾಯಿತೋ ತಿಳಿಯದು, ನಾನು ನಲವತ್ತು ದಾಟಿದವನು, ಮಕ್ಕಳೊಂದಿಗ, ಎಲ್ಲವನ್ನೂ ಹೇಳಿಬಿಟ್ಟೆ: ಕೈ ನೊಂದದ್ದು, ಹೊದಿಕೆ ಸುತ್ತಿದ್ದು, ಗಂಟು, ಸಿಳ್ಳು.

ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಕೈ ನಿಲ್ಲಿಸಲಿಲ್ಲ. “ಅವತ್ತ ರಾತ್ರಿನ ನನಗ ಹೇಳಿದ್ರು” ಎಂದಳು.

“ಏನಂತ?”

“ಹುಡುಗನ್ನ ಏನೂ ಕೇಳಬ್ಯಾಡ ಅಂದ್ರು. ಅವನ ಗಂಟು ಭಾಳ ಬಿಗಿ ಐತಿ, ಕೊಯ್ಯೂದು ಬ್ಯಾಡ, ತಾನ ಬಿಚ್ಚಲಿ ಅಂದ್ರು.” ಎಲೆ ಮಡಿಸಿ ನನ್ನ ಕೈಗೆ ಕೊಟ್ಟು, “ನಿಮ್ಮ ಮಾವ ದಾರಿ ನೋಡಿದ್ರಪ್ಪಾ. ನೀ ತಡಾ ಮಾಡಿದಿ” ಎಂದಳು.

ಹೊರಡುವಾಗ ಹಸಿಬೆಯನ್ನು ಇಳಿಸಿ ನನ್ನ ಹೆಗಲಿಗೆ ಹಾಕಿದಳು. ಬೇಡವೆನ್ನಲು ನನಗೆ ಬಾಯಿರಲಿಲ್ಲ.

ಮಾವ ಕೌಜಗಕ್ಕೆ ಹೋಗುತ್ತಿದ್ದ ಸೀಮೆಗೆ ಹತ್ತಿರದಲ್ಲೇ, ಬೀಳಗಿ ಮತ್ತು ಮುಧೋಳ ತಾಲೂಕುಗಳ ಸುಮಾರು 96 ಚದರ ಕಿಲೋಮೀಟರ್ ಕುರುಚಲು ಕಾಡು 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಧಾಮವಾಯಿತು. ಹೋದ ವರ್ಷ ಮೊಮ್ಮಗನನ್ನು ಕರೆದುಕೊಂಡು, ಅರಣ್ಯ ಇಲಾಖೆಯವರ ಅಪ್ಪಣೆ ಪಡೆದು ಅಲ್ಲಿಗೆ ಹೋಗಿದ್ದೆ. ಹಸಿಬೆಯ ಹಿಂದಿನ ಚೀಲದಲ್ಲಿ ರೊಟ್ಟಿ, ನೀರು, ಮುಂದಿನದರಲ್ಲಿ ದುರ್ಬೀನು. ಮಾವ ಉರುಲು ಇಡುತ್ತಿದ್ದ ಜಾಗವೇ ದುರ್ಬೀನಿಗೂ ಸರಿಯಾಗಿ ಒದಗಿತು. ಹಿಡಿಯುವವನಿಗೂ ನೋಡುವವನಿಗೂ ಬೇಕಾದದ್ದು ಒಂದೇ, ಸಪ್ಪಳವಿಲ್ಲದೆ ಕೈಗೆ ಬರಬೇಕು. ದೂರದ ದಿಬ್ಬದ ಮೇಲೆ ಚಿಂಕಾರವೊಂದು ಗಳಿಗೆ ಹೊತ್ತು ಕಂಡು ಇಳಿದುಹೋಯಿತು. ಕವಳಿಕಂಟಿಯ ಒಳಗಿಂದ ಕೌಜಗ ಕೂಗಿತು. ಇನ್ನೊಂದು ಕಡೆಯಿಂದ ಇನ್ನೊಂದು ಉತ್ತರ ಕೊಟ್ಟಿತು. ಮೊಮ್ಮಗ ನನ್ನ ಮುಖ ನೋಡಿ, “ಅಜ್ಜಾ, ಯಾಕ ನಿಂತ್ರಿ?” ಎಂದ. ಬಿಸಿಲು ಬಹಳವಿದೆ ಎಂದು ಹೇಳಹೋದವನು, ಆ ಮಾತು ಬೇಡವೆನಿಸಿ, ನೆರಳಿಗೆ ಕೂಡ್ರಿಸಿ ಅವನಿಗೂ ಕತೆ ಹೇಳಿದೆ. ಈ ಸಲ ತಡಮಾಡಲಿಲ್ಲ.

ಇನ್ನು ಅಮೆರಿಕದ ಪ್ರಶ್ನೆ. ನಾನು ಅಣ್ಣನ ಮಗನಿಗೆ ಹೇಳಿದ್ದು ಇಷ್ಟೇ: “ತಮ್ಮಾ, ಜೇಬು ಎಷ್ಟದಾವು ಅಂತ ಎಣಿಸಬ್ಯಾಡ. ಅಂಗಡಿಯೊಳಗ ಅದನ್ನ ತೊಟ್ಟು ಕೂತುನೋಡು, ಎದ್ದುನೋಡು, ಕಣ್ಣು ಮುಚ್ಚಿ ಒಂದು ಕೈಲೆ ಬಿಚ್ಚಿನೋಡು. ಸಪ್ಪಳ ಆತಂದ್ರ ಬಿಡು. ಬಿಚ್ಚಾಕ ಎರಡು ಕೈ ಬೇಕಂದ್ರೂ ಬಿಡು. ಮತ್ತ ಯಾವುದರ ಮ್ಯಾಲ ನಿನಗ ಜೀವ ಐತೋ ಅದನ್ನ ಬೆನ್ನಿಗೆ ಹಾಕಬ್ಯಾಡ.”

ಏಪ್ರಿಲಿನ ಕೊನೆಗೆ ಅವನಿಂದ ಮತ್ತೆ ಫೋನು ಬಂತು. ಸಣ್ಣ ಅಂಗಿ ಕೊಂಡಿದ್ದನಂತೆ, ಆರೇ ಜೇಬಿನದು. ಹಕ್ಕಿ ಮೂವತ್ತು ಮಾರು ದೂರದವರೆಗೆ ಬಂದಿತ್ತಂತೆ. ಗೆಳೆಯ ಬಂದೂಕು ಎತ್ತುವುದರೊಳಗೆ ತಿರುಗಿ ಹೋಯಿತಂತೆ. “ಯಾಕ, ನಿನ್ನ ಅಂಗಿ ಸಪ್ಪಳ ಮಾಡಿತೇನು?” ಎಂದೆ.

“ಇಲ್ಲ ಕಾಕಾ, ನನಗ ಕೆಮ್ಮು ಬಂತು” ಎಂದ.

ಕೆಮ್ಮು ಬಂತೋ, ಬರಿಸಿಕೊಂಡನೋ, ನಾನು ಕೇಳಲಿಲ್ಲ. ಹೇಳಬೇಕೆನಿಸಿದಾಗ ಹೇಳಿಯಾನು.